ಮುರುಗಲ ತುಪ್ಪದ ಸೋಪು

ಪ್ರತಿ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಶಿರಸಿ ಸೀಮೆಯ ನನ್ನ ತವರುಮನೆಯಿಂದ ಮೈಸೂರಿಗೆ ಒಂದು ಬಟ್ಟೆಗಂಟು ಬರುತ್ತದೆ. ಅದರಲ್ಲಿ ಬಾಳೆಎಲೆಯ ಒಣ ಪಟ್ಟಿಯಲ್ಲಿ ಸುತ್ತಿದ, ನಿಂಬೆಹಣ್ಣಿನ ಗಾತ್ರದ, ಮಾಸಲು ಬಿಳಿಯ ಉಂಡೆಗಳಿರುತ್ತವೆ. ಅವು ಮುರುಗಲ ತುಪ್ಪದ, ಅಂದರೆ ಕೋಕಂ ಬೀಜದ ಜಿಡ್ಡಿನ, ಉಂಡೆಗಳು. ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲ ಹಣ್ಣಿನ ಸಿಪ್ಪೆಯನ್ನು ಪಾನಕಕ್ಕೂ ಸಾರಿಗೂ ತೆಗೆದಿರಿಸಿದ ಮೇಲೆ ಉಳಿಯುವ ಬೀಜಗಳನ್ನು ಆಯಿ, ಎಂದರೆ ನನ್ನ ಅಮ್ಮ, ಬಿಸಾಡುವುದಿಲ್ಲ. ಬೀಜವನ್ನು ಅಂಗಳದಲ್ಲಿ ಒಣಗಿಸಿ, ಸಿಪ್ಪೆ ಒಡೆದು, ಒಳಗಿನ ತಿರುಳನ್ನು ಕುಟ್ಟಿ, ನೀರಿನಲ್ಲಿ ಬಹಳ ಹೊತ್ತು ಕುದಿಸುತ್ತಾಳೆ. ನೀರಿನ ಮೇಲೆ ತೇಲುವ ಜಿಡ್ಡನ್ನು ಸೌಟಿನಲ್ಲಿ ತೆಗೆದು ಆರಲು ಬಿಟ್ಟರೆ ಅದು ಗಟ್ಟಿಯಾಗುತ್ತದೆ, ಬೆಚ್ಚಗಿರುವಾಗಲೇ ಕೈಯಲ್ಲಿ ಉಂಡೆ ಕಟ್ಟಿಡುತ್ತಾಳೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ಒಣಗಿದ ತುಟಿಗೆ ನಮ್ಮ ಮನೆಯಲ್ಲಿ ಇದ್ದ ಔಷಧ ಅದೊಂದೇ. ನಾನು ಇಂದು ಮಾಡಿ ಮಾರುವ ಸೋಪಿನ ಮೂಲ ಈ ಗಂಟಿನಲ್ಲಿದೆ ಎಂದು ಹೇಳಿದರೆ ಅದು ಅತಿಶಯೋಕ್ತಿಯಾಗಲಾರದು.

ಸೋಪು ಮಾಡುವ ಯೋಚನೆ ನನಗೆ ಬಂದದ್ದು ತಡವಾಗಿ. ಹನ್ನೊಂದು ವರ್ಷ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಮಾಡಿ, ಮನೆಯ ಕಾರಣಗಳಿಗಾಗಿ ಬಿಟ್ಟು, ಕೈಗೆ ಕೆಲಸವಿಲ್ಲದೆ ಕುಳಿತಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ಡಬ್ಬಿಯ ತಳದಲ್ಲಿ ಎರಡು ವರ್ಷ ಹಳೆಯ ಮುರುಗಲ ತುಪ್ಪ ಸಿಕ್ಕಿತು. ಅದನ್ನು ಏನು ಮಾಡಬಹುದೆಂದು ಹುಡುಕುತ್ತ ಹೋದಾಗ ಸೋಪಿನ ದಾರಿ ತೆರೆಯಿತು. ಹುಡುಕಿ ಓದಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಣ್ಣಬಣ್ಣದ ಚಿತ್ರಗಳಲ್ಲ. ಪ್ರತಿಯೊಂದು ಎಣ್ಣೆಗೂ ಇಂತಿಷ್ಟೇ ಕ್ಷಾರ ಬೇಕೆಂಬ ಒಂದು ಪಟ್ಟಿ ಅಲ್ಲಿತ್ತು. ಲೆಕ್ಕ ಬಲ್ಲವಳಿಗೆ ಆ ಪಟ್ಟಿ ಆಹ್ವಾನ ಕೊಟ್ಟ ಹಾಗಾಯಿತು.

ಸೋಪು ಎಂದರೇನು ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಅಜ್ಜಿಯ ಕಾಲದ ಬಚ್ಚಲನ್ನು ನೆನೆದು. ಆಗ ಜಿಡ್ಡು ಹಿಡಿದ ಪಾತ್ರೆಗಳನ್ನು ಒಲೆಯ ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದರು. ತಿಕ್ಕುತ್ತ ತಿಕ್ಕುತ್ತ ಬೆರಳು ಜಾರತೊಡಗುತ್ತಿತ್ತು. ಬೂದಿಯಲ್ಲಿರುವ ಕ್ಷಾರವು ಪಾತ್ರೆಯ ಜಿಡ್ಡಿನೊಂದಿಗೆ ಸೇರಿ ಅಲ್ಲೇ, ಆ ಕ್ಷಣದಲ್ಲೇ, ಒಂದಿಷ್ಟು ಸೋಪು ಹುಟ್ಟುತ್ತಿತ್ತು ಎಂಬುದು ಗೊತ್ತಾದದ್ದು ಮೂವತ್ತು ವರ್ಷ ಕಳೆದ ಮೇಲೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಅವರು ಜಿಡ್ಡಿನ ಒಳಗೆ ಮೇದಾಮ್ಲಗಳೂ (ಜಿಡ್ಡಿನ ಆಮ್ಲಗಳು) ಗ್ಲಿಸರಿನ್ನೂ ಇವೆ, ಕ್ಷಾರ ಅವೆರಡನ್ನೂ ಬೇರ್ಪಡಿಸುತ್ತದೆ ಎಂದು ತಮ್ಮ ವರ್ಷಗಳ ಪ್ರಯೋಗಗಳನ್ನು 1823ರಲ್ಲಿ ಪ್ರಕಟಿಸಿ ತೋರಿಸಿದರು. ಬೇರ್ಪಟ್ಟ ಆಮ್ಲ ಕ್ಷಾರದ ಜೊತೆ ಕೂಡಿ ಸೋಪಾಗುತ್ತದೆ, ಗ್ಲಿಸರಿನ್ ಪಕ್ಕದಲ್ಲಿ ಉಳಿಯುತ್ತದೆ. ಬೂದಿಯ ಕ್ಷಾರದಲ್ಲಿ ಪೊಟ್ಯಾಸಿಯಮ್ ಇರುವುದರಿಂದ ಅದರ ಸೋಪು ಮೆತ್ತಗಿರುತ್ತದೆ. ಗಟ್ಟಿ ಬಿಲ್ಲೆ ಬೇಕಾದರೆ ಸೋಡಿಯಮ್ ಬೇಕು, ಅಂದರೆ ಕಾಸ್ಟಿಕ್ ಸೋಡಾ ಬೇಕು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಕೈಯಲ್ಲಿ ಮಾಡಿದ ಸೋಪುಗಳ ಮೇಲೆ ‘ಕೆಮಿಕಲ್ ಇಲ್ಲದ್ದು’ ಎಂಬ ಬರಹವನ್ನು ಸಂತೆಗಳಲ್ಲಿಯೂ ಮೇಳಗಳಲ್ಲಿಯೂ ನಾನು ನೋಡುತ್ತಲೇ ಇರುತ್ತೇನೆ. ಕ್ಷಾರವಿಲ್ಲದೆ ಸೋಪು ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಿದ್ಧ ಸೋಪಿನ ಗಟ್ಟಿಯನ್ನು (ಸೋಪ್ ಬೇಸ್) ಕರಗಿಸಿ ಅಚ್ಚಿಗೆ ಸುರಿಯುವವರ ಸೋಪಿನಲ್ಲೂ ಯಾವುದೋ ಕಾರ್ಖಾನೆಯಲ್ಲಿ ಯಾರೋ ಆ ಕ್ಷಾರವನ್ನು ಮೊದಲೇ ಬೆರೆಸಿರುತ್ತಾರೆ. ಸರಿಯಾಗಿ ಮಾಡಿದ ಸೋಪಿನಲ್ಲಿ ಕಾಸ್ಟಿಕ್ ಸೋಡಾ ಉಳಿದಿರುವುದಿಲ್ಲ ಎಂಬುದು ನಿಜ, ಏಕೆಂದರೆ ಅದೆಲ್ಲವೂ ಎಣ್ಣೆಯೊಂದಿಗೆ ಕೂಡಿ ಬೇರೆಯದೇ ವಸ್ತುವಾಗಿರುತ್ತದೆ. ಉಳಿದಿಲ್ಲ ಎನ್ನುವುದಕ್ಕೂ ಹಾಕಿಯೇ ಇಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಮುಚ್ಚಿಡುವುದು ಸರಿಯಲ್ಲ ಎಂದು ನನಗೆ ಮೊದಲ ದಿನದಿಂದಲೂ ಅನ್ನಿಸಿದೆ. ನನ್ನ ಸೋಪಿನ ಹೊದಿಕೆಯ ಮೇಲೆ ‘ಕಾಸ್ಟಿಕ್ ಸೋಡಾ’ ಎಂಬ ಪದ ಕನ್ನಡದಲ್ಲಿಯೇ, ಉಳಿದ ಪದಗಳಷ್ಟೇ ದೊಡ್ಡ ಅಕ್ಷರಗಳಲ್ಲಿದೆ.

ಲೆಕ್ಕ ಹೇಗಿರುತ್ತದೆ ಎಂದು ಹೇಳುತ್ತೇನೆ. ನಾನು ಹೆಚ್ಚಾಗಿ ಮಾಡುವ ಸೋಪಿಗೆ ಒಂದು ಕಿಲೋ ಎಣ್ಣೆ ಬೇಕು. ಅದರಲ್ಲಿ 400 ಗ್ರಾಂ ತೆಂಗಿನೆಣ್ಣೆ, 350 ಗ್ರಾಂ ಅಕ್ಕಿ ತೌಡಿನ ಎಣ್ಣೆ, 150 ಗ್ರಾಂ ಮುರುಗಲ ತುಪ್ಪ, 100 ಗ್ರಾಂ ಹರಳೆಣ್ಣೆ. ತೆಂಗಿನೆಣ್ಣೆ ಗ್ರಾಂ ಒಂದಕ್ಕೆ 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಡುತ್ತದೆ. ತೌಡಿನ ಎಣ್ಣೆಗೆ ಸುಮಾರು 0.133, ಮುರುಗಲ ತುಪ್ಪಕ್ಕೆ 0.135ರ ಆಸುಪಾಸು, ಹರಳೆಣ್ಣೆಗೆ 0.128 ಸಾಕು. ಇವೆಲ್ಲವನ್ನೂ ಕೂಡಿಸಿದರೆ 152.8 ಗ್ರಾಂ ಆಗುತ್ತದೆ. ಅಷ್ಟನ್ನೂ ಹಾಕಬಾರದು. ನೂರಕ್ಕೆ ಐದರಷ್ಟು ಕಡಿಮೆ ಮಾಡಿ 145 ಗ್ರಾಂ ಮಾತ್ರ ಹಾಕಿದರೆ ಒಂದಿಷ್ಟು ಎಣ್ಣೆ ಸೋಪಾಗದೆ ಹಾಗೆಯೇ ಉಳಿದು ಚರ್ಮಕ್ಕೆ ಮೃದುವಾಗುತ್ತದೆ, ಜೊತೆಗೆ ತೂಕದಲ್ಲಿ ಸಣ್ಣ ತಪ್ಪಾದರೂ ಕ್ಷಾರ ಹೆಚ್ಚಾಗದಂತೆ ಅದು ಕಾವಲಿರುತ್ತದೆ. ಎಣ್ಣೆಗಳನ್ನು ಆರಿಸುವಾಗ ಒಂದೊಂದರ ಗುಣವನ್ನೂ ತೂಗಿ ನೋಡಬೇಕಾಗುತ್ತದೆ. ತೆಂಗಿನೆಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ ಎಂಬ ಮೇದಾಮ್ಲವಾದ್ದರಿಂದ ಅದು ಗಟ್ಟಿತನವನ್ನೂ ಧಾರಾಳ ನೊರೆಯನ್ನೂ ಕೊಡುತ್ತದೆ, ಆದರೆ ಅದೊಂದನ್ನೇ ಹಾಕಿದರೆ ಚರ್ಮ ಬಿಗಿದುಕೊಳ್ಳುತ್ತದೆ. ಹರಳೆಣ್ಣೆ ನೊರೆ ಬೇಗ ಒಡೆಯದಂತೆ ಹಿಡಿದಿಡುತ್ತದೆ. ಮುರುಗಲ ತುಪ್ಪ ಬಿಲ್ಲೆಯನ್ನು ನೀರಿನಲ್ಲಿ ಬೇಗ ಸವೆಯದಂತೆ ಕಾಯುತ್ತದೆ.

ಚಿಕ್ಕಂದಿನಲ್ಲಿ ಆಯಿ ನನಗೆ ಚುಕ್ಕಿ ರಂಗೋಲಿ ಕಲಿಸುವಾಗ ಚುಕ್ಕಿಗಳನ್ನು ಮೊದಲು ತಾನೇ ಇಟ್ಟುಕೊಡುತ್ತಿದ್ದಳು. ಎಳೆ ಎಳೆಯುವುದು ನನಗೆ ಬಿಟ್ಟದ್ದು. ಚುಕ್ಕಿ ಒಂದು ಕೂದಲೆಳೆಯಷ್ಟು ಓರೆಯಾದರೂ ಕೊನೆಯ ಸಾಲಿನಲ್ಲಿ ಎಳೆಗಳು ಕೂಡುತ್ತಿರಲಿಲ್ಲ. ಸೋಪಿನಲ್ಲಿ ಕ್ಷಾರದ ಲೆಕ್ಕ ಆ ಚುಕ್ಕಿಗಳಿದ್ದ ಹಾಗೆ. ಅದು ಸರಿಯಾಗಿದ್ದರೆ ಬಣ್ಣ, ಪರಿಮಳ, ಆಕಾರಗಳಲ್ಲಿ ಮನಸ್ಸು ಹೋದಲ್ಲಿಗೆ ಎಳೆ ಎಳೆಯಬಹುದು. ಚಿತ್ರ ಬರೆಯಲು ಬಾರದ, ಹಾಡಲು ಕೂರದ ನನಗೆ ಇಷ್ಟು ಕಟ್ಟುನಿಟ್ಟು ಇರುವ ಕಲೆಯೊಂದು ಬೇಕಾಗಿತ್ತೆಂದು ಈಗ ತೋರುತ್ತದೆ.

ಚುಕ್ಕಿ ತಪ್ಪಿದ ದಿನವೂ ಒಂದಿದೆ. ಎರಡನೆಯ ವರ್ಷ, ಗೌರಿ ಹಬ್ಬಕ್ಕೆ ಮುಂಚೆ, ನೆಂಟರಿಗೆ ಕೊಡಲೆಂದು ಅವಸರದಲ್ಲಿ ಮಾಡಿದ ಒಂದು ಅಚ್ಚು. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿ ಕದಡಿ ತಣಿಯಲು ಇಟ್ಟೆ. ಎಂದಿಗೂ ಸೋಡಾವನ್ನೇ ನೀರಿಗೆ ಸುರಿಯಬೇಕು. ನೀರನ್ನು ಸೋಡಾದ ಮೇಲೆ ಸುರಿದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಪಾತ್ರೆ ಸ್ಟೀಲಿನದ್ದೇ ಆಗಿರಬೇಕು, ಅಲ್ಯೂಮಿನಿಯಮ್ ಆದರೆ ಕ್ಷಾರ ಅದನ್ನೇ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಇವೆಲ್ಲ ಎಚ್ಚರವಿತ್ತು, ಕನ್ನಡಕವೂ ಕೈಗವಸೂ ಇದ್ದವು. ಮಿಶ್ರಣ ಬೇಗನೆ ಇಡ್ಲಿ ಹಿಟ್ಟಿನ ಹದಕ್ಕೆ ಬಂತು, ಅಚ್ಚಿಗೆ ಸುರಿದೆ. ಮರುದಿನ ಬೆಳಿಗ್ಗೆ ಕಪಾಟು ತೆರೆದಾಗ ಹರಳೆಣ್ಣೆಯ ಬಾಟಲಿ ಸೀಲು ಒಡೆಯದೆ ಅಲ್ಲಿಯೇ ನಿಂತಿತ್ತು. ಕೂಡಲೇ ಲೆಕ್ಕ ಹಾಕಿದೆ. ಹರಳೆಣ್ಣೆ ಇಲ್ಲದೆ ಬೇಕಾದ ಸೋಡಾ ಒಟ್ಟು 140 ಗ್ರಾಂ, ನಾನು ಹಾಕಿದ್ದು 145. ಕಾವಲಿಗೆಂದು ಬಿಟ್ಟಿದ್ದ ಅಂಚು ಪೂರ್ತಿ ಮುಗಿದು, ಹನ್ನೆರಡು ಬಿಲ್ಲೆಗಳಲ್ಲಿ ಸುಮಾರು ಐದು ಗ್ರಾಂ ಸೋಡಾ ಬಿಡಿಯಾಗಿ ಉಳಿದಿತ್ತು. ಒದ್ದೆ ಬೆರಳಲ್ಲಿ ಸವರಿ ನಾಲಗೆಯ ತುದಿಗೆ ಮುಟ್ಟಿಸಿದಾಗ ಚುರ್ರೆಂದಿತು. ಎಲ್ಲವನ್ನೂ ತುರಿದು, ಮರೆತ ನೂರು ಗ್ರಾಂ ಹರಳೆಣ್ಣೆ ಸೇರಿಸಿ, ನೀರಿನ ಕಾವಿನಲ್ಲಿ ಎರಡು ತಾಸು ಕರಗಿಸಿ ಮತ್ತೆ ಅಚ್ಚಿಗೆ ತುಂಬಿದೆ. ನೋಡಲು ಒರಟಾಗಿದ್ದರೂ ಆ ಸೋಪು ಚೆನ್ನಾಗಿಯೇ ಇತ್ತು, ಆದರೂ ಅದನ್ನು ನೆಂಟರಿಗೆ ಕೊಡಲಿಲ್ಲ. ಅಂದಿನಿಂದ ತೂಗಿದ ಪ್ರತಿಯೊಂದು ವಸ್ತುವಿನ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕದೆ ಮುಂದಕ್ಕೆ ಹೋಗುವುದಿಲ್ಲ. ಕಚೇರಿಯಲ್ಲಿ ವೋಚರುಗಳ ಮೇಲೆ ಹಾಕುತ್ತಿದ್ದ ಗುರುತೇ ಅದು.

ಬಣ್ಣದ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಕ್ಷಾರದ ಒಳಗೆ ಸಸ್ಯಗಳ ಬಣ್ಣ ನಾವು ಬಯಸಿದ ಹಾಗೆ ವರ್ತಿಸುವುದಿಲ್ಲ. ಕೆಂಪು ದಾಸವಾಳದ ಎಸಳನ್ನು ಒಣಗಿಸಿ ಪುಡಿ ಮಾಡಿ ಹಾಕಿದೆ, ಮರುದಿನ ಅದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೀಟ್‌ರೂಟಿನ ಕಡುಗೆಂಪು ಕಂದಾಯಿತು. ಸೋಪಿನ ಮೇಲೆ ಅಲಂಕಾರಕ್ಕೆಂದು ಒತ್ತಿದ ಮಲ್ಲಿಗೆ ಮೂರು ದಿನದಲ್ಲಿ ಕಪ್ಪಾಯಿತು, ಅದನ್ನು ನೋಡಿ ನನಗೆ ನಿಜವಾಗಿಯೂ ಬೇಸರವಾಗಿತ್ತು. ಮೈಸೂರಿನಲ್ಲಿ ಮಲ್ಲಿಗೆ ಇಲ್ಲದ ಸೋಪು ಮಾಡಬೇಕೆ ಎಂದು ಮನಸ್ಸು ಒಪ್ಪಿರಲಿಲ್ಲ. ನಿಂತ ಬಣ್ಣಗಳೂ ಇವೆ. ಮಂಜಿಷ್ಠದ ಬೇರಿನ ಪುಡಿ ಗುಲಾಬಿಗೂ ನೇರಳೆಗೂ ನಡುವಿನ ಒಂದು ಬಣ್ಣ ಕೊಡುತ್ತದೆ, ನೀಲಿಸೊಪ್ಪಿನ ನೀಲಿ ಮಾಸುವುದಿಲ್ಲ, ರಂಗಮಾಲೆ ಬೀಜವನ್ನು ಎಣ್ಣೆಯಲ್ಲಿ ನೆನೆಹಾಕಿದರೆ ಬೆಳಗಿನ ಹೊತ್ತಿನ ಕಿತ್ತಳೆ ಬಣ್ಣ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಬೆರಗಾಗಿಸಿದ್ದು ಅರಿಶಿನ. ಮೊದಲ ಬಾರಿ ಒಂದು ಚಮಚ ಅರಿಶಿನವನ್ನು ಎಣ್ಣೆಯಲ್ಲಿ ಕದಡಿ, ಕ್ಷಾರದ ನೀರು ಸುರಿದಾಗ ಪಾತ್ರೆಯಲ್ಲಿದ್ದ ಹಳದಿ ಕಣ್ಣೆದುರಿಗೇ ಕೆಂಪಾಗಿ ಹೋಯಿತು. ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಆ ಕೆಂಪನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಮದುಮಕ್ಕಳು ಹೊಸ್ತಿಲಿಗೆ ಬಂದಾಗ, ಬಾಣಂತಿ ಮಗುವಿನೊಂದಿಗೆ ಮನೆಗೆ ಬಂದಾಗ, ಹಿತ್ತಾಳೆಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ ಮಾಡುವ ಆರತಿಯ ಕೆಂಪು ಅದು. ಸುಣ್ಣ ಕ್ಷಾರ, ನನ್ನ ಪಾತ್ರೆಯಲ್ಲಿದ್ದುದೂ ಕ್ಷಾರ. ತಲೆಮಾರುಗಳಿಂದ ನಮ್ಮ ಹೆಂಗಸರು ಹೊಸ್ತಿಲಲ್ಲಿ ಮಾಡುತ್ತ ಬಂದದ್ದನ್ನೇ ಶಾಲೆಯ ಪ್ರಯೋಗಾಲಯದಲ್ಲಿ ಅರಿಶಿನದ ಕಾಗದ ಎಂಬ ಹೆಸರಿನಲ್ಲಿ ಮಾಡಿಸಿದ್ದರು, ಎರಡೂ ಒಂದೇ ಎಂದು ಆಗ ನನಗೆ ಹೊಳೆದಿರಲಿಲ್ಲ. ಅಚ್ಚಿನಲ್ಲಿದ್ದ ಸೋಪು ಮಾಗುತ್ತ ಬಂದಂತೆ ಕ್ಷಾರದ ಬಿರುಸು ಇಳಿದು, ಆ ಕೆಂಪು ವಾರಗಟ್ಟಲೆ ನಿಧಾನವಾಗಿ ಮಾಸುತ್ತ ಮಾಗಿದ ಪಪ್ಪಾಯಿಯ ಬಣ್ಣಕ್ಕೆ ಬಂದು ನಿಂತಿತು. ಈಗಲೂ ಅರಿಶಿನದ ಸೋಪು ಮಾಡುವ ದಿನ ಮನೆಯಲ್ಲಿ ಮಕ್ಕಳಿದ್ದರೆ ದೂರ ನಿಲ್ಲಿಸಿ ಆ ಒಂದು ಕ್ಷಣವನ್ನು ತೋರಿಸುತ್ತೇನೆ.

ಪರಿಮಳದ ವಿಷಯಕ್ಕೆ ಬಂದರೆ, ಮೈಸೂರಿನಲ್ಲಿ ಸೋಪು ಮಾಡುವವರನ್ನು ಜನ ಮೊದಲು ಕೇಳುವುದು ಗಂಧದ ಸೋಪು ಇದೆಯೇ ಎಂದು. ಆ ಪ್ರಶ್ನೆಯ ಹಿಂದೆ ಒಂದು ಶತಮಾನದ ಕಥೆ ಇದೆ. ಮೈಸೂರು ಸಂಸ್ಥಾನದ ಗಂಧದ ಮರ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದ ಕಾಲದಲ್ಲಿ ಮೊದಲ ಮಹಾಯುದ್ಧ ಬಂದು ಸಾಗಣೆ ನಿಂತಿತು. ಗಂಧದ ದಾಸ್ತಾನು ಇಲ್ಲಿಯೇ ಉಳಿದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಕೆಲಸ ಆರಂಭವಾಯಿತು. ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆಯೂ ಹುಟ್ಟಿತು. ಸೋಪಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ರಸಾಯನ ತಜ್ಞ ಎಸ್. ಜಿ. ಶಾಸ್ತ್ರಿಯವರು ಗಂಧದೆಣ್ಣೆಯ ಪರಿಮಳ ನಿಲ್ಲುವ ಸೋಪನ್ನು ರೂಪಿಸಿದರು, 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಮಾರುಕಟ್ಟೆಗೆ ಬಂತು. ಆ ಮೊಟ್ಟೆಯಾಕಾರದ ಬಿಲ್ಲೆ, ಅದರ ಪೆಟ್ಟಿಗೆಯ ಮೇಲಿನ ಆನೆಯ ತಲೆಯ ಶರಭ, ನಮ್ಮ ಮನೆಗಳಲ್ಲಿ ಸೀರೆಗಳ ನಡುವೆ ಇಡುತ್ತಿದ್ದ ಅದರ ಖಾಲಿ ಪೆಟ್ಟಿಗೆ, ಇವೆಲ್ಲ ಕನ್ನಡಿಗರ ಮನೆಯ ನೆನಪಿನ ಭಾಗವೇ ಆಗಿವೆ. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಯುದ್ಧದಿಂದ ಬಂದ ಇಕ್ಕಟ್ಟನ್ನು ಒಂದು ಉದ್ಯಮವಾಗಿ ತಿರುಗಿಸಿದ ಆ ದೂರದೃಷ್ಟಿಯ ಬಗ್ಗೆ ನನಗಿರುವ ಗೌರವ ಸೋಪು ಮಾಡತೊಡಗಿದ ಮೇಲೆ ಇನ್ನೂ ಹೆಚ್ಚಿದೆ.

ಆದರೆ ನಾನು ಗಂಧದ ಸೋಪು ಮಾಡುವುದಿಲ್ಲ. ಒಂದು ಕಿಲೋ ಎಣ್ಣೆಯ ಸೋಪಿಗೆ ಪರಿಮಳ ನಿಲ್ಲಬೇಕಾದರೆ ಸುಮಾರು 30 ಗ್ರಾಂ ಸುಗಂಧ ತೈಲ ಹಾಕಬೇಕು. ನಿಜವಾದ ಗಂಧದೆಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿಯನ್ನು ಮೀರುತ್ತದೆ. ಹನ್ನೆರಡು ಬಿಲ್ಲೆಗೆ ಪರಿಮಳವೊಂದಕ್ಕೇ ಮೂರು ಸಾವಿರ ರೂಪಾಯಿಗಿಂತ ಹೆಚ್ಚು ಹಾಕುವ ಶಕ್ತಿ ನನಗಿಲ್ಲ. ಕೃತಕ ಗಂಧದ ತೈಲ ಹಾಕಿ ‘ಗಂಧದ ಸೋಪು’ ಎಂದು ಬರೆದು, ಓದುವವರು ಏನಾದರೂ ಅಂದುಕೊಳ್ಳಲಿ ಎಂದು ಬಿಡುವ ಮನಸ್ಸೂ ನನಗಿಲ್ಲ. ನಿಂಬೆಹುಲ್ಲಿನ ತೈಲ, ಲವಂಗದೆಣ್ಣೆ ಸ್ವಲ್ಪ, ಲಾವಂಚದ ಬೇರಿನ ತೈಲ, ಇವು ನನ್ನ ಕೈಗೆ ಎಟಕುತ್ತವೆ. ಲವಂಗದ ಎಣ್ಣೆಯನ್ನು ಎಚ್ಚರದಿಂದ ಬಳಸಬೇಕು, ಅದು ಮಿಶ್ರಣವನ್ನು ಕ್ಷಣದಲ್ಲಿ ಬಿಗಿಯಾಗಿಸಿ ಪಾತ್ರೆಯಲ್ಲಿಯೇ ಕಲ್ಲಾಗಿಸಬಲ್ಲದು, ಹೆಚ್ಚಾದರೆ ಚರ್ಮಕ್ಕೂ ಒಗ್ಗುವುದಿಲ್ಲ. ನನಗೆ ಅತ್ಯಂತ ಪ್ರಿಯವಾದದ್ದು ಮಾತ್ರ ಯಾವ ಪರಿಮಳವನ್ನೂ ಹಾಕದ ಮುರುಗಲ ತುಪ್ಪದ ಸೋಪು.

ಮಾಡಿದ ಸೋಪನ್ನು ಒಂದು ದಿನದ ಮೇಲೆ ಕತ್ತರಿಸಿ, ಗಾಳಿಯಾಡುವ ಮರದ ಕಪಾಟಿನಲ್ಲಿ ಆರು ವಾರ ಮಾಗಲು ಇಡುತ್ತೇನೆ. ಕ್ಷಾರದ ಕೆಲಸ ಮೊದಲ ಒಂದೆರಡು ದಿನಗಳಲ್ಲೇ ಬಹುಪಾಲು ಮುಗಿದಿರುತ್ತದೆ. ಉಳಿದ ದಿನಗಳಲ್ಲಿ ನೀರು ಆರುತ್ತದೆ, ಬಿಲ್ಲೆ ಗಟ್ಟಿಯಾಗುತ್ತದೆ, ನೊರೆ ಹದವಾಗುತ್ತದೆ. ಕತ್ತರಿಸಿದ ದಿನ ಸುಮಾರು 118 ಗ್ರಾಂ ಇದ್ದ ಬಿಲ್ಲೆ ಕೊನೆಗೆ 105ರ ಹತ್ತಿರ ನಿಲ್ಲುತ್ತದೆ. ಮಳೆಗಾಲದಲ್ಲಿ ಇದು ಎಂಟು ವಾರವೂ ಹಿಡಿಯಬಹುದು, ಏಕೆಂದರೆ ಸೋಪಿನಲ್ಲಿಯೇ ಉಳಿದಿರುವ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಂಡು ಮೇಲೆ ಬೆವರಿನಂಥ ಹನಿಗಳನ್ನು ಮೂಡಿಸುತ್ತದೆ. ದೊಡ್ಡ ಕಾರ್ಖಾನೆಗಳು ಈ ಗ್ಲಿಸರಿನ್ನನ್ನು ಬೇರ್ಪಡಿಸಿ ತೆಗೆಯುವುದುಂಟು, ನನ್ನ ಒಂದು ಅಚ್ಚಿನಲ್ಲಿ ಅದು ಸುಮಾರು ನೂರು ಗ್ರಾಂನಷ್ಟು ಹಾಗೆಯೇ ಉಳಿಯುತ್ತದೆ.

ಮೊದಲ ಎರಡು ವರ್ಷ ಸೋಪನ್ನು ಹಂಚಿದೆನೇ ಹೊರತು ಮಾರಲಿಲ್ಲ. ಕೊಟ್ಟವರಲ್ಲಿ ಕೆಲವರು ಮತ್ತೆ ಕೇಳಿದರು, ಹಾಗೆಯೇ ಸುಮ್ಮನೆ ಪಡೆಯಲು ಸಂಕೋಚವಾಗಿ ಹಣ ಕೊಡಲು ಬಂದರು. ಮಾರುವುದು ಬೇರೆಯದೇ ಜವಾಬ್ದಾರಿ ಎಂದು ಗೊತ್ತಾದದ್ದು ಆಗ. ಸ್ನಾನದ ಸೋಪು ನಮ್ಮ ಕಾನೂನಿನಲ್ಲಿ ಸೌಂದರ್ಯವರ್ಧಕಗಳ ಗುಂಪಿಗೆ ಸೇರುತ್ತದೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ತಯಾರಿಸುವವರು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಪರವಾನಗಿ ಪಡೆಯಬೇಕು. ಅದಕ್ಕೆ ಪ್ರತ್ಯೇಕ ಜಾಗ ಬೇಕು, ವಿದ್ಯಾರ್ಹತೆ ಇರುವವರ ಮೇಲ್ವಿಚಾರಣೆ ಬೇಕು, ದಾಖಲೆ ಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಮಾಡಿ ಮಾರುವುದು ಸಲ್ಲದು. ಪರವಾನಗಿ ಇರುವ ಬೇರೆಯವರ ಘಟಕದಲ್ಲಿ ತಯಾರಿಸಿಕೊಳ್ಳಲು ಲೋನ್ ಲೈಸೆನ್ಸ್ ಎಂಬ ದಾರಿಯೂ ಇದೆ. ನನ್ನಂಥ ಸಣ್ಣವರಿಗೆ ಅದೇ ಸರಿಹೊಂದಿತು. ವಾರಕ್ಕೆ ಎರಡು ದಿನ ಅಂಥ ಒಂದು ಘಟಕಕ್ಕೆ ಹೋಗಿ ನನ್ನ ಲೆಕ್ಕದಂತೆ ನಾನೇ ನಿಂತು ಮಾಡಿಸುತ್ತೇನೆ. ಈ ಓಡಾಟಕ್ಕೆ ಒಂದು ವರ್ಷ ಹಿಡಿಯಿತು. ಪೊಟ್ಟಣದ ಮೇಲೆ ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಿಸಿದ ತಿಂಗಳು, ದೂರು ಹೇಳಲು ವಿಳಾಸ ಇರಲೇಬೇಕು. ಮಾಗುತ್ತ ತೂಕ ಇಳಿಯುವ ವಸ್ತುವಾದ್ದರಿಂದ ನಾನು 100 ಗ್ರಾಂ ಎಂದೇ ಬರೆಯುತ್ತೇನೆ, ಕೆಲವು ಗ್ರಾಂ ಹೆಚ್ಚು ಹೋದರೆ ಕೊಳ್ಳುವವರಿಗೆ ಹೋಗಲಿ.

ಬೆಲೆಯ ಮಾತು ಕಷ್ಟದ್ದು. ತಿಪಟೂರಿನ ಕಡೆಯ ಗಾಣದಿಂದ ತರಿಸುವ ತೆಂಗಿನೆಣ್ಣೆಯ ಬೆಲೆ 2025ರಲ್ಲಿ ಏರುತ್ತ ಹೋದ ರೀತಿಯನ್ನು ಈ ಕಸುಬಿನಲ್ಲಿರುವ ಯಾರೂ ಮರೆಯಲಾರರು. ಒಂದು ಹಂತದಲ್ಲಿ ಅದು ನಾನು ಹಿಂದಿನ ವರ್ಷ ಕೊಟ್ಟದ್ದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ತೆಂಗು ಬೆಳೆದವರಿಗೆ ಒಳ್ಳೆಯ ಕಾಲ ಬಂತೆಂಬ ಸಂತೋಷ ಒಂದು ಕಡೆ, ನನ್ನ ಲೆಕ್ಕದ ಪುಸ್ತಕದ ಕಳವಳ ಇನ್ನೊಂದು ಕಡೆ. ತೆಂಗಿನೆಣ್ಣೆ ಕಡಿಮೆ ಮಾಡಿ ಅಗ್ಗದ ತಾಳೆಣ್ಣೆ ಸೇರಿಸುವುದು ಸುಲಭವಿತ್ತು. ಹಾಗೆ ಮಾಡಿದರೂ ಸೋಪು ಕೆಟ್ಟದ್ದಾಗುವುದಿಲ್ಲ, ಆದರೆ ಅದು ಬೇರೆ ಸೋಪು, ಅದಕ್ಕೆ ಬೇರೆ ಹೆಸರು ಬೇಕು. ನಾನು ಬಿಲ್ಲೆಗೆ ಮೂವತ್ತು ರೂಪಾಯಿ ಏರಿಸಿ, ಏಕೆ ಏರಿಸಿದೆನೆಂದು ಒಂದು ಚೀಟಿಯಲ್ಲಿ ಬರೆದು ಪೊಟ್ಟಣದೊಂದಿಗೆ ಇಟ್ಟೆ. ಕೆಲವರು ಕೊಳ್ಳುವುದನ್ನು ಬಿಟ್ಟರು. ಅವರ ಮೇಲೆ ನನಗೆ ಬೇಸರವಿಲ್ಲ, ಸೋಪು ದಿನನಿತ್ಯ ಸವೆಯುವ ವಸ್ತು, ಅದಕ್ಕೆ ಎಷ್ಟು ಕೊಡಬೇಕೆಂಬುದನ್ನು ಪ್ರತಿಯೊಂದು ಮನೆಯೂ ತಾನೇ ನಿರ್ಧರಿಸಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ ಪ್ರಸಂಗ ಬೇರೆ. ಒಂದು ಮೇಳದಲ್ಲಿ ಚಿಕ್ಕ ವಯಸ್ಸಿನ ತಾಯಿಯೊಬ್ಬರು ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ನನ್ನ ಮೇಜಿನ ಮುಂದೆ ನಿಂತರು. ಮಗುವಿನ ಮೊಣಕೈ ಮಡಿಕೆಯಲ್ಲಿ ಇಸುಬು ಎದ್ದು ಕೆರೆದು ಕೆಂಪಾಗಿತ್ತು. “ಅಕ್ಕಾ, ಬೇವಿನ ಸೋಪು ಇದೆಯಾ? ಇದು ವಾಸಿಯಾಗುತ್ತೆ ಅಂತ ಆ ಕಡೆ ಒಬ್ಬರು ಹೇಳಿದರು” ಎಂದರು. ನನ್ನಲ್ಲಿ ಬೇವಿನೆಣ್ಣೆಯ ಸೋಪು ಇತ್ತು, ಅವರ ಕೈಯಲ್ಲಿ ಹಣವೂ ಇತ್ತು. ಹೌದು ಎಂದಿದ್ದರೆ ನಾಲ್ಕು ಬಿಲ್ಲೆ ಮಾರಾಟವಾಗುತ್ತಿದ್ದವು. ಸೋಪು ಚರ್ಮದ ಮೇಲೆ ಕೆಲವು ಕ್ಷಣ ಇದ್ದು ನೀರಿನೊಂದಿಗೆ ಹೋಗಿಬಿಡುತ್ತದೆ, ಅದು ಎಷ್ಟೇ ಮೃದುವಾಗಿದ್ದರೂ ಒಂಬತ್ತು ಹತ್ತರ ಪಿಎಚ್ ಇರುವ ಕ್ಷಾರೀಯ ವಸ್ತು, ಒಡೆದ ಚರ್ಮಕ್ಕೆ ಉರಿಯಾಗಬಹುದು, ದಯವಿಟ್ಟು ಚರ್ಮದ ವೈದ್ಯರಿಗೆ ತೋರಿಸಿ ಎಂದು ಹೇಳಿದೆ. ಅವರ ಮುಖದಲ್ಲಿ ಮೂಡಿದ ನಿರಾಸೆ ನನಗೆ ಇನ್ನೂ ನೆನಪಿದೆ. ಬೇವು ಎಂಬ ಪದದಲ್ಲಿ ನಮ್ಮ ಜನ ಇಟ್ಟಿರುವ ನಂಬಿಕೆ ಎಷ್ಟು ಆಳವಾದದ್ದೋ ಅದನ್ನು ಮಾರಾಟಕ್ಕೆ ಬಳಸುವುದು ಅಷ್ಟೇ ದೊಡ್ಡ ತಪ್ಪು ಎಂದು ನನಗೆ ಆ ಹೊತ್ತಿನಲ್ಲಿ ಸ್ಪಷ್ಟವಾಯಿತು. ಕಾನೂನೂ ಅದನ್ನೇ ಹೇಳುತ್ತದೆ. ರೋಗ ಗುಣಪಡಿಸುತ್ತದೆ ಎಂದು ಬರೆದ ಕೂಡಲೇ ಸೋಪು ಔಷಧದ ಲೆಕ್ಕಕ್ಕೆ ಬರುತ್ತದೆ, ಔಷಧಕ್ಕೆ ಬೇಕಾದ ಪರೀಕ್ಷೆಗಳೂ ಪುರಾವೆಗಳೂ ನನ್ನಂಥವರ ಬಳಿ ಇರುವುದಿಲ್ಲ.

ಅಂದು ರಾತ್ರಿ ಮನೆಗೆ ಬಂದು ನನ್ನ ಹೊದಿಕೆಗಳನ್ನು ಒಂದೊಂದಾಗಿ ತೆಗೆದು ಓದಿದೆ. ‘ಚರ್ಮಕ್ಕೆ ಪೋಷಣೆ’, ‘ಕಲೆಗಳನ್ನು ತಿಳಿಯಾಗಿಸುತ್ತದೆ’ ಎಂದು ನಾನೇ ಬರೆಸಿದ್ದೆ. ಎಲ್ಲರೂ ಬರೆಯುತ್ತಾರೆಂದು ನಾನೂ ಬರೆಸಿದ್ದೆನೇ ಹೊರತು ಅದಕ್ಕೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಮುದ್ರಿಸಿಟ್ಟಿದ್ದ ಎಂಟುನೂರು ಹೊದಿಕೆಗಳನ್ನು ಮರುದಿನ ರದ್ದಿಗೆ ಹಾಕಿದೆ. ಕಾನೂನು ಕೇಳುವ ವಿವರಗಳನ್ನು ಬಿಟ್ಟರೆ ಹೊಸದರಲ್ಲಿ ಏನೇನು ಹಾಕಿದೆ, ಎಷ್ಟು ವಾರ ಮಾಗಿದೆ, ಹೇಗೆ ಒಣಗಿಸಿ ಇಟ್ಟುಕೊಳ್ಳಬೇಕು ಎಂಬ ಮೂರು ವಿಷಯಗಳು ಮಾತ್ರ ಇವೆ. ಮೈ ತೊಳೆಯುವುದು ಸಣ್ಣ ಕೆಲಸವಲ್ಲ. ದಿನಕ್ಕೊಮ್ಮೆ ಒಬ್ಬ ಮನುಷ್ಯನ ಮೈಮೇಲಿನ ಬೆವರು, ಧೂಳು, ಜಿಡ್ಡುಗಳನ್ನು ತೆಗೆದು, ಚರ್ಮವನ್ನು ಬಿಗಿಯಾಗಿಸದೆ, ಕಣ್ಣಿಗೂ ಮೂಗಿಗೂ ಹಿತವಾಗಿ ಮುಗಿದುಹೋಗುವ ಒಂದು ವಸ್ತುವನ್ನು ಚೆನ್ನಾಗಿ ಮಾಡಲು ನನ್ನ ಇಷ್ಟು ವರ್ಷಗಳು ಬೇಕಾಗಿವೆ. ಅದಕ್ಕೆ ಇನ್ನೊಂದು ಪುಣ್ಯವನ್ನು ಅಂಟಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಚೆನ್ನಾಗಿ ತೊಳೆಯುತ್ತಿಲ್ಲ ಎಂಬ ದೂರು ಬಂದಾಗ ಮಾತ್ರ ನಿದ್ದೆ ಬರುವುದಿಲ್ಲ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಇರುವವರು, ನಿಮ್ಮ ಸೋಪಿನಲ್ಲಿ ನೊರೆಯೇ ಇಲ್ಲ, ಬಕೆಟ್ಟಿನ ಅಂಚಿನಲ್ಲಿ ಬಿಳಿಯ ಕೆನೆ ಕಟ್ಟುತ್ತದೆ ಎಂದು ಬರೆದರು. ಮೈಸೂರಿನಲ್ಲಿ ನಮ್ಮ ಮನೆಗೆ ಬರುವ ಕಾವೇರಿ ನೀರಿನಲ್ಲಿ ಅದೇ ಸೋಪು ಧಾರಾಳವಾಗಿ ನೊರೆಯುತ್ತಿತ್ತು. ಅವರದು ಕೊಳವೆಬಾವಿಯ ನೀರು. ಗಡಸು ನೀರಿನ ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್ ಸೋಪಿನೊಂದಿಗೆ ಸೇರಿ ಕರಗದ ಬಿಳಿ ವಸ್ತುವಾಗುತ್ತದೆ. ಅಷ್ಟು ಸೋಪು ನೊರೆಯಾಗುವ ಮೊದಲೇ ವ್ಯರ್ಥವಾಗುತ್ತದೆ. ಇದಕ್ಕೆ ನಿಂಬೆ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲದ ಸಹಾಯ ಪಡೆಯಬಹುದು. ಅದು ಕ್ಷಾರದೊಂದಿಗೆ ಸೇರಿ ಸೋಡಿಯಮ್ ಸಿಟ್ರೇಟ್ ಆಗಿ, ನೀರಿನ ಆ ಖನಿಜಗಳನ್ನು ಹಿಡಿದಿಡುತ್ತದೆ. ಆದರೆ ಹತ್ತು ಗ್ರಾಂ ಆಮ್ಲ ಹಾಕಿದರೆ ಆರು ಗ್ರಾಂಗಿಂತ ತುಸು ಹೆಚ್ಚು ಕಾಸ್ಟಿಕ್ ಸೋಡಾವನ್ನು ಅದೇ ತಿಂದುಬಿಡುವುದರಿಂದ ಅಷ್ಟನ್ನು ಹೆಚ್ಚಾಗಿ ಸೇರಿಸಬೇಕು. ಹೀಗೆ ಮಾಡಿ ಎರಡು ಬಿಲ್ಲೆ ಕಳಿಸಿ, ಉತ್ತರಕ್ಕಾಗಿ ಹತ್ತು ದಿನ ಕಾದೆ. ಕೆನೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ ಎಂದು ಬಂತು. ಪೂರ್ತಿ ಹೋಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಅವರು ಈಗಲೂ ಕೊಳ್ಳುತ್ತಾರೆ.

ಈ ಬಾರಿ ದೀಪಾವಳಿಗೆ ತವರಿಗೆ ಹೋಗಿದ್ದೆ. ನೀರು ತುಂಬುವ ಹಬ್ಬದ ಸಂಜೆ ಆಯಿ ಹಂಡೆ ತೊಳೆದು, ಬಾವಿಯ ನೀರು ತುಂಬಿ, ಕುತ್ತಿಗೆಗೆ ಬಳ್ಳಿ ಸುತ್ತಿದ್ದಳು. ಮರುದಿನ ನಸುಕಿನಲ್ಲಿ ತಲೆಗೂ ಮೈಗೂ ಎಣ್ಣೆ ಹಚ್ಚಿ, ತಲೆಗೆ ಮತ್ತಿ ಸೊಪ್ಪಿನ ಗಂಪು (ಎಲೆಯ ಲೋಳೆ) ಹಾಕಿದಳು. ತಲೆಗೆ ಸೋಪು ಆಗದು ಎಂಬುದು ಅವಳ ನಿಲುವು, ಕೂದಲಿಗೆ ಸೋಪಿನ ಕ್ಷಾರ ಒಗ್ಗುವುದಿಲ್ಲವೆಂಬುದರಲ್ಲಿ ಅವಳು ಸರಿಯಾಗಿಯೇ ಇದ್ದಾಳೆ. ಮೈಗೆ ಮಾತ್ರ ನಾನು ಕಳಿಸಿದ ಮುರುಗಲ ತುಪ್ಪದ ಸೋಪು. ಬಚ್ಚಲ ಗೂಡಿನಲ್ಲಿ ಕೈಯಾಡಿಸಿದಾಗ ಅದು ಸಿಕ್ಕಿತು. ಹೊಸ ಬಿಲ್ಲೆಯ ಬೆನ್ನಿಗೆ ಹಳೆಯ ಬಿಲ್ಲೆಯ ಕೊನೆಯ ಚೂರನ್ನು ಆಯಿ ಒತ್ತಿ ಅಂಟಿಸಿದ್ದಳು. ಉಗುರಿನಷ್ಟು ತೆಳ್ಳಗಾಗಿದ್ದ ಆ ಚೂರು ಎಷ್ಟು ಬಿಗಿಯಾಗಿ ಕೂತಿತ್ತೆಂದರೆ ಒಲೆಯ ಬೆಳಕಿನಲ್ಲಿ ಎರಡರ ನಡುವಿನ ಗೆರೆ ಹುಡುಕಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.